ಸಹಾಯ ಬೇಕು: ಕಾಡು ಸೇರಿದ ಮೇಕೆಗಳನ್ನು ಹಿಡಿಯೋದು ಹೇಗೆ?

ನಮ್ಮ ಜಮೀನಿನ ಹಿಂದಿನ ಗುಡ್ಡದಲ್ಲಿ ಹತ್ತು ಹನ್ನೆರಡು ಮೇಕೆಗಳಿವೆ. ಯಾರೋ ಬಿಟ್ಟುಹೋದವು, ಈಗ ಪೂರ್ತಿ ಕಾಡುಪ್ರಾಣಿಗಳೇ. ಸಸಿಗಳ ತೊಗಟೆಯನ್ನು ಸುತ್ತಲೂ ಸುಲಿದು ತಿಂದಿವೆ. ಹಾಗೆ ಸುಲಿದ ಗಿಡ ಉಳಿಯುತ್ತಾ? ಒಂದು ಹೋತದ ಕುತ್ತಿಗೆಯಲ್ಲಿ ಹಳೇ ಹಗ್ಗದ ತುಂಡು ಇನ್ನೂ ಇದೆ. ಮನುಷ್ಯರನ್ನು ಕಂಡರೆ ಎಲ್ಲಕ್ಕಿಂತ ಜಾಸ್ತಿ ಓಡೋದು ಅದೇ! ಗಬ್ಬ ಕಟ್ಟಿದ ಐದು ತಿಂಗಳಿಗೆ ಈಯುವ ಪ್ರಾಣಿ, ಅದೂ ಎಷ್ಟೋ ಸಲ ಅವಳಿ ಮರಿ. ಸುಮ್ನೆ ಕೂರುವಂತಿಲ್ಲ.

ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಲ್ಲಿ, ಎಲ್ಲಿದೆ ಅಂತ ತಿಳಿಸುವ ರೇಡಿಯೋ ಪಟ್ಟಿ ಕಟ್ಟಿದ ಮೇಕೆಯನ್ನು ಬಿಟ್ಟು, ಅದು ಸೇರಿಕೊಂಡ ಕಾಡುಮೇಕೆಗಳ ಹಿಂಡನ್ನು ಹುಡುಕಿ ಗುಂಡಿಕ್ಕಿ ಕೊಂದರು. ನನಗೆ ಕೊಲ್ಲೋದು ಬೇಡ. ಬೇಲಿಯೊಳಗೆ ನೀರು, ಉಪ್ಪು ಇಟ್ಟು ಅಭ್ಯಾಸ ಮಾಡಿಸಿ, ಒಂದು ದಿನ ಗೇಟು ಹಾಕೋಣ ಅಂತಿದ್ದೇನೆ. ಹೀಗೆ ಹಿಡಿದವರು ಇದ್ದೀರಾ? ಬೇಲಿ ಎಷ್ಟು ಎತ್ತರ ಬೇಕು? ಸಾಕಿದ ಮೇಕೆಗಳ ಜೊತೆ ಬಿಡುವ ಮೊದಲು ಎಷ್ಟು ದಿನ ಬೇರೆ ಕಟ್ಟಬೇಕು?