ಕೈಯಲ್ಲಿ ಬಲ ಕಡಿಮೆಯಾದಾಗ ಯಾವ ಸಾಧನ ಕೊಳ್ಳಬೇಕು? ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ನೆರವಾಗುವ ತಜ್ಞೆ) ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ಅಮ್ಮನಿಗೆ 67 ವರ್ಷ. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲು ಊದಿ ನೋಯುವ ಸಂಧಿವಾತ ಇದೆ. ಬಾಟಲಿ ಮುಚ್ಚಳ ತೆಗೆಯಲು ಆಗುವುದಿಲ್ಲ, ಚಾಕು ಹಿಡಿದರೆ ನೋವು, ಬೀಗದ ಕೈ ತಿರುಗಿಸುವುದೂ ಕಷ್ಟ. ಹನ್ನೆರಡು ಸಾಧನಗಳ ಒಂದು ಸೆಟ್ ತರಿಸಿಕೊಟ್ಟೆ. ಅಮ್ಮ ಒಂದನ್ನೂ ಮುಟ್ಟಲಿಲ್ಲ. ಏನು ಕೊಡಿಸಲಿ?

ಉತ್ತರ: ಇನ್ನೊಂದು ಸೆಟ್ ಮಾತ್ರ ಬೇಡ. ಒಂದು ದಿನ ಸುಮ್ನೆ ಅಮ್ಮನ ಪಕ್ಕ ಕೂತು ನೋಡಿ. ಸಹಾಯ ಮಾಡಲು ಹೋಗಬೇಡಿ, ನೋಡಿ ಅಷ್ಟೆ. ಎಲ್ಲಿ ಕೈ ಸೋಲುತ್ತದೆ? ಮುಷ್ಟಿ ಕಟ್ಟಿ ಹಿಡಿಯುವಾಗಲೇ, ಎರಡು ಬೆರಳಲ್ಲಿ ಚಿವುಟುವಾಗಲೇ, ತಿರುಚುವಾಗಲೇ? ಒಂದೊಂದಕ್ಕೆ ಒಂದೊಂದು ಸಾಧನ. ಇದನ್ನು ನೋಡದೆ ಕೊಂಡದ್ದು ಕಪಾಟು ಸೇರುತ್ತದೆ.

ಮುಚ್ಚಳದಿಂದಲೇ ಶುರು ಮಾಡೋಣ. ಹೊಸ ಗಾಜಿನ ಬಾಟಲಿಯ ಮುಚ್ಚಳ ಅಷ್ಟು ಬಿಗಿಯಾಗಿರುವುದು ಬರೀ ತಿರುಪಿನಿಂದ ಅಲ್ಲ. ಒಳಗೆ ಗಾಳಿ ಕಡಿಮೆ ಇರುವುದರಿಂದ ಹೊರಗಿನ ಗಾಳಿ ಅದನ್ನು ಒತ್ತಿ ಹಿಡಿದಿರುತ್ತದೆ. ಮುಚ್ಚಳದ ಅಂಚಿಗೆ ಸಿಕ್ಕಿಸಿ ಸ್ವಲ್ಪ ಮೀಟುವ ಪುಟ್ಟ ಓಪನರ್ ಸಿಗುತ್ತದೆ. ‘ಟಪ್’ ಅಂತ ಸದ್ದಾಗಿ ಗಾಳಿ ಒಳಗೆ ಹೋದರೆ ಆಮೇಲೆ ಮುಚ್ಚಳ ಹಗುರವಾಗಿ ತಿರುಗುತ್ತದೆ. ಒಮ್ಮೆ ತೆಗೆದು ಮುಚ್ಚಿದ ಬಾಟಲಿಗೆ ಇದು ಉಪಯೋಗವಿಲ್ಲ. ಅಲ್ಲಿ ತೊಂದರೆ ಜಾರುವುದು. ಮುಚ್ಚಳದ ಮೇಲೆ ಒಂದು ರಬ್ಬರ್ ಹಾಳೆ, ಬಾಟಲಿಯ ಕೆಳಗೆ ಒಂದು ಒದ್ದೆ ಬಟ್ಟೆ ಇಡಿ. ಬೆರಳಿನಿಂದ ಹಿಡಿಯದೆ ಅಂಗೈ ಒತ್ತಿ ತಿರುಗಿಸಲು ಹೇಳಿ. ಅದೂ ಆಗದಿದ್ದರೆ ಶೆಲ್ಫಿನ ಅಡಿಗೆ ಕೂರಿಸುವ ‘ವಿ’ ಆಕಾರದ ಓಪನರ್ ಹಾಕಿಸಿ. ಅದು ಮುಚ್ಚಳವನ್ನು ಕಚ್ಚಿ ಹಿಡಿಯುತ್ತದೆ, ಅಮ್ಮ ಎರಡೂ ಕೈಯಲ್ಲಿ ಬಾಟಲಿಯನ್ನು ತಿರುಗಿಸಿದರೆ ಸಾಕು.

ಬೀಗದ ಕೈಗೆ ಅಗಲವಾದ ಹಿಡಿಕೆ ಜೋಡಿಸಿ. ಹಿಡಿಯುವ ಜಾಗ ತಿರುಗುವ ನಡುಭಾಗದಿಂದ ಎರಡರಷ್ಟು ದೂರವಾದರೆ, ಬೇಕಾದ ಬಲ ಅರ್ಧಕ್ಕೆ ಇಳಿಯುತ್ತದೆ. ಇಲ್ಲಿ ಇನ್ನೊಂದು ವಿಷಯ ತಿಳಿದಿರಲಿ. ಹೆಬ್ಬೆರಳಿನ ತುದಿಯಲ್ಲಿ 1 ಕಿಲೋ ಬಲದಿಂದ ಚಿವುಟಿದರೆ ಅದರ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ತನಕ ಭಾರ ಬೀಳುತ್ತದೆ. ಸಣ್ಣ ಕೆಲಸ ಅನ್ನಿಸಿದರೂ ಅಮ್ಮನಿಗೆ ಅಷ್ಟು ನೋವಾಗುವುದು ಇದಕ್ಕೇ. ಅವರು ನೆಪ ಹೇಳುತ್ತಿಲ್ಲ.

ಪ್ರಶ್ನೆ: ಚಮಚ, ಪೆನ್ನು ಎಲ್ಲಕ್ಕೂ ದಪ್ಪ ಹಿಡಿಕೆ ಹಾಕಿ ಅನ್ನುತ್ತಾರೆ. ದಪ್ಪ ಆದಷ್ಟೂ ಒಳ್ಳೆಯದೇ?

ಉತ್ತರ: ಇಲ್ಲ. ಒಂದು ಮಿತಿ ಇದೆ. ಮುಷ್ಟಿಯಲ್ಲಿ ಹಿಡಿಯುವ ವಸ್ತುವಿಗೆ ಸುಮಾರು 3ರಿಂದ 4 ಸೆಂಟಿಮೀಟರ್ ದಪ್ಪ ಹೆಚ್ಚಿನವರಿಗೆ ಹೊಂದುತ್ತದೆ. ಪುಟ್ಟ ಕೈಗೆ ಇನ್ನೂ ಸ್ವಲ್ಪ ಕಡಿಮೆ. ಪೆನ್ನಿಗೆ ಅಷ್ಟು ದಪ್ಪ ಬೇಡ. ಜೊತೆಗೆ ಬಾಲ್‌ಪೆನ್ ಬಿಟ್ಟು ಜೆಲ್ ಪೆನ್ನು ಕೊಡಿ, ಒತ್ತಿ ಬರೆಯಬೇಕಾಗಿಲ್ಲ.

ದಪ್ಪ ಯಾಕೆ ಬೇಕು ಅಂತ ನೀವೇ ಪರೀಕ್ಷೆ ಮಾಡಿ. ತೆಳ್ಳಗಿನ ಕಡ್ಡಿ ಹಿಡಿಯಲು ಬೆರಳು ಪೂರ್ತಿ ಮಡಚಬೇಕು. ಸ್ನಾಯು ಆಗಲೇ ಕುಗ್ಗಿರುತ್ತದೆ, ಎಳೆಯಲು ಅದರಲ್ಲಿ ಬಲ ಉಳಿದಿರುವುದಿಲ್ಲ. ಈಗ ಮಣಿಕಟ್ಟನ್ನು ಪೂರ್ತಿ ಕೆಳಕ್ಕೆ ಬಗ್ಗಿಸಿ ಮುಷ್ಟಿ ಬಿಗಿ ಮಾಡಿ. ಆಗುವುದಿಲ್ಲ, ಅಲ್ವಾ? ಅದೇ ಕಾರಣ. ಮಣಿಕಟ್ಟು ನೇರವಾಗಿ, ಸ್ವಲ್ಪ ಮೇಲಕ್ಕೆ ಇದ್ದಾಗ ಹಿಡಿತ ಚೆನ್ನಾಗಿರುತ್ತದೆ. ಆದ್ದರಿಂದಲೇ ಗರಗಸದ ಹಿಡಿಯಂತೆ ನೆಟ್ಟಗೆ ನಿಂತ ಹಿಡಿಕೆಯ ಚಾಕುಗಳು ಬಂದಿವೆ. ಮೇಲಿನ ಪ್ರಶ್ನೆಯ ಅಮ್ಮನಿಗೂ ನಾನು ಅದನ್ನೇ ಹೇಳುವೆ.

ದುಬಾರಿ ಚಮಚ ಬೇಕಿಲ್ಲ. ನೀರಿನ ಪೈಪಿಗೆ ಸುತ್ತುವ ಫೋಮ್ ಕೊಳವೆಯ ತುಂಡನ್ನು ಹಿಡಿಕೆಗೆ ತೂರಿಸಿದರೆ ಸಾಕು. ತೊಳೆದ ಮೇಲೆ ತೆಗೆದು ಒಣಗಿಸಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ.

ದಪ್ಪ ರಬ್ಬರ್ ಹಿಡಿಕೆಯ ತರಕಾರಿ ಸಿಪ್ಪೆ ತೆಗೆಯುವ ಸಾಧನವನ್ನು ಈಗ ಎಲ್ಲರೂ ಬಳಸುತ್ತಾರೆ. ಅದರ ಹಿಂದೆ ಒಂದು ಮನೆಯ ಕಥೆ ಇದೆ. ಅಮೆರಿಕದ ಸ್ಯಾಮ್ ಫಾರ್ಬರ್ ಅವರ ಪತ್ನಿ ಬೆಟ್ಸಿಗೆ ಕೈಕೀಲಿನಲ್ಲಿ ಆರ್ಥ್ರೈಟಿಸ್ ಇತ್ತು, ತೆಳ್ಳಗಿನ ಲೋಹದ ಹಿಡಿಕೆ ನೋಯಿಸುತ್ತಿತ್ತು. ಅಲ್ಲಿಂದ ಹುಟ್ಟಿದ ಆಕ್ಸೋ ಗುಡ್ ಗ್ರಿಪ್ಸ್ ಸಾಧನಗಳು 1990ರಲ್ಲಿ ಮಾರುಕಟ್ಟೆಗೆ ಬಂದವು. ನನಗೆ ಇದು ತುಂಬಾ ಇಷ್ಟ. ನೋಯುವ ಕೈಗೆ ಅಂತ ಯೋಚಿಸಿದ್ದು ಎಲ್ಲರ ಕೈಗೂ ಹಿತವಾಯಿತು.

ಪ್ರಶ್ನೆ: ನನ್ನ ತಮ್ಮನಿಗೆ ಅಪಘಾತದಲ್ಲಿ ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾಯಿತು. ಬೆರಳು ಮಡಚಲು ಬರುವುದಿಲ್ಲ, ಮಣಿಕಟ್ಟು ಮಾತ್ರ ಮೇಲಕ್ಕೆ ಎತ್ತುತ್ತಾನೆ. ದಪ್ಪ ಹಿಡಿಕೆ ಕೊಟ್ಟರೂ ಬಿದ್ದುಹೋಗುತ್ತದೆ.

ಉತ್ತರ: ಅವನಿಗೆ ಹಿಡಿಯುವ ಕೆಲಸವನ್ನೇ ಬೆರಳಿನಿಂದ ತಪ್ಪಿಸಬೇಕು. ‘ಯೂನಿವರ್ಸಲ್ ಕಫ್’ ಅಂತ ಕೇಳಿ. ಅಂಗೈ ಸುತ್ತ ಕಟ್ಟುವ ಪಟ್ಟಿ, ಒಳಗೆ ಒಂದು ಪುಟ್ಟ ಜೇಬು. ಚಮಚ, ಹಲ್ಲುಜ್ಜುವ ಬ್ರಷ್, ಟೈಪ್ ಮಾಡುವ ಕಡ್ಡಿ, ಯಾವುದನ್ನಾದರೂ ಅದರಲ್ಲಿ ಸಿಕ್ಕಿಸಬಹುದು. ಕೈಯಲ್ಲಿ ಸ್ಪರ್ಶ ಕಡಿಮೆ ಇದ್ದರೆ ಪಟ್ಟಿ ಬಿಚ್ಚಿದ ಮೇಲೆ ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಯವಾಗದಿದ್ದರೆ ಬಿಗಿ ಜಾಸ್ತಿ ಅಂತ ಅರ್ಥ.

ಮಣಿಕಟ್ಟು ಎತ್ತಲು ಬರುತ್ತದೆ ಅಂದಿರಲ್ಲ, ಅದು ದೊಡ್ಡ ಆಸ್ತಿ. ಬೆರಳಿನ ಸ್ನಾಯುರಜ್ಜುಗಳು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಎಳೆಗಳು, ಮಣಿಕಟ್ಟು ದಾಟಿ ಹೋಗುತ್ತವೆ. ಮಣಿಕಟ್ಟು ಎತ್ತಿದರೆ ಬೆರಳು ತಾನಾಗಿ ಮಡಚುತ್ತದೆ, ಇಳಿಬಿಟ್ಟರೆ ಬಿಚ್ಚುತ್ತದೆ. ಇದನ್ನು ಟೆನೋಡೆಸಿಸ್ ಹಿಡಿತ ಅನ್ನುತ್ತೇವೆ. ಹಗುರವಾದ ವಸ್ತು ಎತ್ತಲು ಇದೇ ಸಾಕಾಗುತ್ತದೆ. ಆದರೆ ಒಂದು ಮಾತು, ಮನೆಯವರೆಲ್ಲ ಕೇಳಿಸಿಕೊಳ್ಳಿ: ವ್ಯಾಯಾಮ ಅಂತ ಮಣಿಕಟ್ಟನ್ನೂ ಬೆರಳುಗಳನ್ನೂ ಒಟ್ಟಿಗೆ ಹಿಂದಕ್ಕೆ ಎಳೆಯಬೇಡಿ. ಆ ರಜ್ಜು ಸಡಿಲವಾದರೆ ಈ ಹಿಡಿತ ಹೋಗುತ್ತದೆ. ಪ್ರೀತಿಯಿಂದ ಮಾಡಿದ ಎಳೆತದಿಂದ ಇದನ್ನು ಕಳೆದುಕೊಂಡವರನ್ನು ನೋಡಿದ್ದೇನೆ, ಈಗಲೂ ಬೇಸರವಾಗುತ್ತದೆ. ಅವನ ಥೆರಪಿಸ್ಟ್ ತೋರಿಸಿದಂತೆಯೇ ಮಾಡಿ.

ಪ್ರಶ್ನೆ: ಅಪ್ಪನಿಗೆ ಕೈಯಲ್ಲಿ ಶಕ್ತಿ ಇಲ್ಲ ಅಂತ ಭಾರದ ಚಮಚ ತಂದೆವು. ಇನ್ನೂ ಕಷ್ಟವಾಗಿದೆ.

ಉತ್ತರ: ಆ ಚಮಚ ಮಾಡಿರುವುದು ಕೈ ನಡುಗುವವರಿಗೆ. ಬಲ ಇದ್ದು ನಡುಕ ಇರುವ ಕೆಲವರಿಗೆ ಭಾರದಿಂದ ಕೈ ಸ್ಥಿರವಾಗುತ್ತದೆ. ಬಲವೇ ಇಲ್ಲದವರಿಗೆ ಹಗುರವೇ ಬೇಕು. ಅಪ್ಪನಿಗೆ ಫೋಮ್ ಹಿಡಿಕೆ ಕೊಡಿ.

ಪ್ರಶ್ನೆ: ಮಾತ್ರೆ ಬಾಟಲಿ ಒತ್ತಿ ತಿರುಗಿಸಬೇಕು. ನನಗೆ ಆಗುವುದೇ ಇಲ್ಲ. ಒಬ್ಬಳೇ ಇರುತ್ತೇನೆ.

ಉತ್ತರ: ಆ ಮುಚ್ಚಳ ಮಕ್ಕಳು ತೆಗೆಯಬಾರದು ಅಂತ ಮಾಡಿದ್ದು. ಒತ್ತುವುದು, ತಿರುಚುವುದು ಎರಡೂ ಒಟ್ಟಿಗೆ ಬೇಕಾದ್ದರಿಂದ ನೋಯುವ ಕೈ ಸೋಲುತ್ತದೆ. ಸಾದಾ ಮುಚ್ಚಳ ಕೊಡಲು ಆಗುತ್ತದಾ ಅಂತ ಔಷಧಿ ಅಂಗಡಿಯಲ್ಲಿ ಕೇಳಿ. ಮನೆಗೆ ಮಕ್ಕಳು ಬರುವುದಿದ್ದರೆ ಬಾಟಲಿಯನ್ನು ಎತ್ತರದಲ್ಲಿ, ಬೀಗ ಹಾಕಿ ಇಡಿ. ಸ್ಟ್ರಿಪ್‌ನಿಂದ ಮಾತ್ರೆ ಒತ್ತಿ ಬೀಳಿಸುವ ಪುಟ್ಟ ಸಾಧನವೂ ಇದೆ. ವಾರದ ಡಬ್ಬಿಗೆ ತುಂಬಿಡುವ ಮೊದಲು, ಯಾವ ಮಾತ್ರೆಯನ್ನು ಮೂಲ ಪ್ಯಾಕಿನಲ್ಲೇ ಇಡಬೇಕು ಅಂತ ಕೇಳಿಕೊಳ್ಳಿ. ದಯವಿಟ್ಟು ಮುಚ್ಚಳ ತೆಗೆಯಲಾಗದೆ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬೇಡಿ.

ಪ್ರಶ್ನೆ: ಸ್ಪಂಜಿನ ಚೆಂಡು ಹಿಸುಕುತ್ತಿದ್ದರೆ ಬಲ ಬರುತ್ತದೆಯೇ? ಸಾಧನವೇ ಬೇಡವಾಗುತ್ತದಾ?

ಉತ್ತರ: ಕಾರಣ ಗೊತ್ತಿಲ್ಲದೆ ಹಿಸುಕಬೇಡಿ. ಕೀಲು ಊದಿ ಬಿಸಿಯಾಗಿರುವಾಗ ಜೋರಾಗಿ ಹಿಸುಕಿದರೆ ನೋವು ಹೆಚ್ಚುತ್ತದೆ. ಮೊದಲು ಬಲ ಅಳೆಸಿಕೊಳ್ಳಿ. ಡೈನಮೋಮೀಟರ್ ಅನ್ನುವ ಹಿಡಿ ಇದೆ, ಹಿಸುಕಿದರೆ ಕೈಯ ಬಲವನ್ನು ಕಿಲೋದಲ್ಲಿ ತೋರಿಸುತ್ತದೆ, ಕೆಲವೇ ನಿಮಿಷದ ಕೆಲಸ. ಯುರೋಪಿನ ತಜ್ಞರ ಗುಂಪು 2019ರಲ್ಲಿ ಹೇಳಿದಂತೆ, ಗಂಡಸರಿಗೆ 27 ಕಿಲೋ, ಹೆಂಗಸರಿಗೆ 16 ಕಿಲೋಗಿಂತ ಕಡಿಮೆ ಬಂದರೆ ವಯಸ್ಸಿನ ಸ್ನಾಯು ಸವೆತದ ಅನುಮಾನ ಪಡಬೇಕು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ವಸ್ತು ಕೈಜಾರುತ್ತಿದ್ದರೆ ನರದ ಒತ್ತಡ ಇರಬಹುದು, ಡಾಕ್ಟರಿಗೆ ತೋರಿಸಿ. ಒಂದೇ ಕಡೆಯ ಕೈ ಇದ್ದಕ್ಕಿದ್ದಂತೆ ಸೋತು, ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಒಂದು ಕ್ಷಣವೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಕೂತು ನೋಡಿದೆ. ಅಮ್ಮ ದಿನಕ್ಕೆ ಜಾಸ್ತಿ ನೋವು ತಿನ್ನುವುದು ಮುಚ್ಚಳದಿಂದ ಅಲ್ಲ, ಸ್ನಾನದ ಮನೆಯ ಗುಂಡನೆ ನಲ್ಲಿಯಿಂದ. ದಿನಕ್ಕೆ ಎಷ್ಟೋ ಸಲ ತಿರುಗಿಸುತ್ತಾರೆ. ‘ರೋಗಿಯ ಸಾಮಾನು ನನಗೆ ಬೇಡ’ ಅಂತಾನೂ ಹೇಳಿದರು.

ಉತ್ತರ: ಎಷ್ಟು ಚೆನ್ನಾಗಿ ನೋಡಿದ್ದೀರಿ! ಹಾಗಾದರೆ ನಲ್ಲಿಯನ್ನೇ ಬದಲಿಸಿ. ಉದ್ದ ಹಿಡಿಯ ಲಿವರ್ ನಲ್ಲಿ ಹಾಕಿಸಿದರೆ ಮುಷ್ಟಿಯಿಂದಲೋ ಮುಂಗೈಯಿಂದಲೋ ತಳ್ಳಬಹುದು. ಬಾಗಿಲಿನ ಗುಂಡು ಹಿಡಿಗೂ ಹಾಗೇ. ಮನೆಯವರೆಲ್ಲ ಬಳಸುವ ವಸ್ತು ಆದ್ದರಿಂದ ಅಮ್ಮನಿಗೆ ಅದು ರೋಗಿಯ ಸಾಮಾನು ಅನ್ನಿಸುವುದಿಲ್ಲ. ಬಣ್ಣ, ಆಕಾರ ಅವರೇ ಆರಿಸಲಿ. ಕೊಳ್ಳುವ ಮೊದಲು ಅಂಗಡಿಯಲ್ಲೇ ಅವರ ಕೈಯಿಂದ ಒಮ್ಮೆ ತಳ್ಳಿಸಿ ನೋಡಿ. ಕೆಲವು ಲಿವರ್‌ಗಳೂ ಬಿಗಿಯಾಗಿರುತ್ತವೆ.