ಸಹಾಯ ಬೇಕು: ಫರ್ಮ್‌ವೇರ್ ಅಪ್‌ಡೇಟ್ ಅರ್ಧಕ್ಕೇ ನಿಂತು ಕೆಟ್ಟ ರೂಟರ್

ನಮಸ್ಕಾರ. ಫರ್ಮ್‌ವೇರ್ (ರೂಟರನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ವೈಫೈ ರೂಟರ್ ಬೂಟ್ ಆಗುತ್ತಿಲ್ಲ. ಪವರ್ ದೀಪ ಮಿನುಗುತ್ತದೆ, ಸೆಟ್ಟಿಂಗ್ಸ್ ಪುಟ 192.168.0.1 ತೆರೆಯುವುದಿಲ್ಲ.

ಬೂಟ್‌ಲೋಡರ್ (ಆನ್ ಮಾಡಿದ ಕೂಡಲೇ ಮೊದಲು ಓಡಿ ಫರ್ಮ್‌ವೇರ್ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಉಳಿದುಕೊಂಡಿರುವುದು ಖಚಿತ. ರಿಸೆಟ್ ಒತ್ತಿ ಹಿಡಿದು ಆನ್ ಮಾಡಿದರೆ ಅದು 192.168.0.66ರಲ್ಲಿ ಟಿಎಫ್‌ಟಿಪಿ (ಫೈಲ್ ಕಳಿಸುವ ಸರಳ ವಿಧಾನ) ಸರ್ವರ್ ಹುಡುಕುವುದು, ನೆಟ್‌ವರ್ಕ್ ಸಂಚಾರ ತೋರಿಸುವ ವೈರ್‌ಶಾರ್ಕ್‌ನಲ್ಲಿ ಕಾಣುತ್ತಿದೆ. ಲ್ಯಾಪ್‌ಟಾಪಿಗೆ ಅದೇ ಐಪಿ, 255.255.255.0 ಮಾಸ್ಕ್ ಕೊಟ್ಟು, ಫೈರ್‌ವಾಲ್ ಆಫ್ ಮಾಡಿ, ಕೇಬಲನ್ನು ಲ್ಯಾನ್ ಪೋರ್ಟಿಗೇ ಹಾಕಿದ್ದೇನೆ. ಫರ್ಮ್‌ವೇರ್ ಫೈಲ್ ಪೂರ್ತಿ ಹೋಗುತ್ತದೆ, ರೀಬೂಟ್ ಆದಮೇಲೆ ಮತ್ತದೇ ಮಿನುಗು.

ಫೈಲು ಸರಿಯಾದ ಹಾರ್ಡ್‌ವೇರ್ ವರ್ಷನ್‌ನದೇ, ತಳದ ಸ್ಟಿಕ್ಕರ್ ಜೊತೆ ತಾಳೆ ನೋಡಿದೆ. (ಮಾಡೆಲ್ ಒಂದೇ ಆದರೂ ವರ್ಷನ್ ಬೇರೆಯಾದರೆ ಒಳಗಿನ ಚಿಪ್ಪೇ ಬೇರೆ ಇರಬಹುದು, ಇದನ್ನು ಯಾರೂ ಕಡೆಗಣಿಸಬೇಡಿ.) ನನ್ನ ಅನುಮಾನ ಬೇರೆ ಕಡೆ: ಫೈಲ್ ಹೆಸರಿನಲ್ಲಿ 'ಬೂಟ್' ಎಂದಿದೆ, ಅಂದರೆ ಬೂಟ್‌ಲೋಡರೂ ಸೇರಿದೆ. ಮೊದಲ 1,31,584 ಬೈಟ್, ಅಂದರೆ 512ರ 257 ಬ್ಲಾಕ್, ಕತ್ತರಿಸಿ ಕಳಿಸಬೇಕೇ? ಸೀರಿಯಲ್ (ಬೋರ್ಡಿಗೆ ನೇರ ತಂತಿ ಜೋಡಿಸಿ ಬೂಟ್‌ಲೋಡರ್‌ಗೆ ಆದೇಶ ಕೊಡುವ ದಾರಿ) ಮೂಲಕ ಬರೆಯುವಾಗ ಕತ್ತರಿಸುತ್ತಾರೆ. ಟಿಎಫ್‌ಟಿಪಿ ರಿಕವರಿಗೂ ಬೇಕೇ? ತಪ್ಪು ಜಾಗಕ್ಕೆ ಬರೆದು ಇರುವ ಬೂಟ್‌ಲೋಡರನ್ನೂ ಕಳೆದುಕೊಂಡರೆ ಫರ್ಮ್‌ವೇರ್ ಇರುವ ಫ್ಲ್ಯಾಶ್ ಮೆಮೊರಿ ಚಿಪ್ಪಿಗೆ ಪ್ರೋಗ್ರಾಮರ್ ಸಾಧನ ಹಚ್ಚದೆ ದಾರಿಯಿಲ್ಲ.

ಸೀರಿಯಲ್‌ಗೆ 3.3 ವೋಲ್ಟಿನ ಯುಎಸ್‌ಬಿ-ಟಿಟಿಎಲ್ (ಲ್ಯಾಪ್‌ಟಾಪನ್ನು ಬೋರ್ಡಿಗೆ ಜೋಡಿಸುವ ಅಡಾಪ್ಟರ್) ಇದೆ, ವೇಗ ಸೆಕೆಂಡಿಗೆ 115200 ಬಿಟ್. ಗ್ರೌಂಡ್, ಟಿಎಕ್ಸ್ (ಕಳಿಸುವ ತಂತಿ), ಆರ್‌ಎಕ್ಸ್ (ಪಡೆಯುವ ತಂತಿ) ಮಾತ್ರ ಜೋಡಿಸುತ್ತೇನೆ, ವಿಸಿಸಿ (ವಿದ್ಯುತ್ ತಂತಿ) ಬಿಡುತ್ತೇನೆ. ಬೋರ್ಡಿನ ನಾಲ್ಕು ತೂತುಗಳ ಮೇಲೆ ಹೆಸರಿಲ್ಲ. ಮಲ್ಟಿಮೀಟರಿನಲ್ಲಿ ಟಿಎಕ್ಸ್ ಗುರುತಿಸುವುದು ಹೇಗೆ? ಇಂಥದ್ದನ್ನು ಮಾಡಿ ಗೆದ್ದವರು ದಯವಿಟ್ಟು ತಿಳಿಸಿ.