ಟೆರೇಸಿನಲ್ಲಿ ಚಿಕಾಗೋ ಹಾರ್ಡಿ ಅಂಜೂರ: ಬೆಳೆಸಿದವರು ಹೇಳಿ

ಆರ್.ಟಿ. ನಗರದಿಂದ ಪ್ರಶ್ನೆ: ‘ಚಿಕಾಗೋ ಹಾರ್ಡಿ’ ಅಂಜೂರ 12 ಇಂಚಿನ ಕುಂಡದಲ್ಲಿದೆ. ಮಧ್ಯಾಹ್ನ ಎರಡರವರೆಗೆ ಒಳ್ಳೆ ಬಿಸಿಲು. ಎಲೆ ದಂಡಿಯಾಗಿ ಬರುತ್ತೆ, ಹಣ್ಣು ಆಗಿದ್ದು ಆಗಸ್ಟಿನಲ್ಲಿ. ಕೆಲವು ಸಪ್ಪೆ, ಕೆಲವು ಒಡೆದು ಹುಳಿ. ಚಳಿ ತಡೆಯುವ ತಳಿಯಿಂದ ಇಲ್ಲಿ ಲಾಭವಿದೆಯಾ? ಯಾವಾಗ ಸವರಬೇಕು, ಯಾವಾಗ ಕೀಳಬೇಕು? ಅತ್ತಿಹಣ್ಣಿನ ಹಾಗೆ ಒಳಗೆ ಹುಳು ಇರುತ್ತಾ?

ಯಲಹಂಕದಿಂದ: ಚಳಿಯ ಮಾತು ಬಿಡಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ, ಯಾವ ಅಂಜೂರವೂ ಅಷ್ಟಕ್ಕೆ ಸಾಯಲ್ಲ. ಆದರೆ ಈ ತಳಿಯ ಇನ್ನೊಂದು ಗುಣ ನಮಗೆ ಬೇಕು. ಹಿಮ ಬೀಳುವ ಊರಲ್ಲಿ ಕಾಂಡ ನೆಲಮಟ್ಟಕ್ಕೆ ಸತ್ತರೂ ಬೇರಿನಿಂದ ಚಿಗುರಿ, ಅದೇ ವರ್ಷದ ಹೊಸ ರೆಂಬೆಯಲ್ಲೇ ಕಾಯಿ ಬಿಡುತ್ತೆ. ಅಂದರೆ ಇಲ್ಲಿ ಹಿಮದ ಕೆಲಸವನ್ನು ಕತ್ತರಿ ಮಾಡಬೇಕು, ಅದೂ ನಿಮಗೆ ಬೇಕಾದ ತಿಂಗಳಲ್ಲಿ.

ಸವರಿದ ಮೇಲೆ ಹಣ್ಣಿಗೆ ಸುಮಾರು ನಾಲ್ಕು ತಿಂಗಳು. ಏಪ್ರಿಲ್‌ನಲ್ಲಿ ಸವರಿದರೆ ಆಗಸ್ಟ್ ಮಳೆಗೆ ಸಿಕ್ಕಿ ಸಪ್ಪೆಯಾಗುತ್ತೆ, ಒಡೆಯುತ್ತೆ. ಹಿಂಗಾರು ತಗ್ಗಿದ ಮೇಲೆ, ನವೆಂಬರ್ ಮೊದಲೆರಡು ವಾರದಲ್ಲಿ ಚಾಟನಿ (ಸವರುವ ಕೆಲಸ) ಮಾಡಿ. ನಾಲ್ಕೈದು ಮುಖ್ಯ ರೆಂಬೆ ಇಟ್ಟುಕೊಂಡು, ಪ್ರತಿಯೊಂದರಲ್ಲೂ ಮೂರ್ನಾಲ್ಕು ಕಣ್ಣು (ಚಿಗುರೊಡೆಯುವ ಮೊಗ್ಗು) ಉಳಿಸಿ ಮೇಲಿನದ್ದು ತೆಗೆಯಿರಿ. ಮಾರ್ಚ್‌ನಿಂದ ಹಣ್ಣು. ಮಾವಿನ ಮಳೆ ಬರುವ ಹೊತ್ತಿಗೆ ಬಹುಪಾಲು ಕೊಯ್ಲು ಮುಗಿದಿರುತ್ತೆ.

ಬನಶಂಕರಿಯಿಂದ: ಮೇಲಿನದ್ದಕ್ಕೆ ಒಂದು ತಿದ್ದುಪಡಿ. ಎರಡು ವರ್ಷ ತುಂಬದ ಗಿಡಕ್ಕೆ ಅಷ್ಟು ಆಳದ ಚಾಟನಿ ಬೇಡ, ತುದಿ ಚಿವುಟಿದರೆ ಸಾಕು. 12 ಇಂಚಿನ ಕುಂಡವೂ ಸಾಲದು. 20 ಇಂಚಿನ ಗ್ರೋ ಬ್ಯಾಗ್ ಅಥವಾ ಅರ್ಧ ಕತ್ತರಿಸಿದ ಡ್ರಮ್ಮಿಗೆ ಬದಲಿಸಿ, ತಳದಲ್ಲಿ ತೂತು ಧಾರಾಳವಾಗಿರಲಿ. ಕೆಮ್ಮಣ್ಣು ಎರಡು ಪಾಲು, ಎರೆಗೊಬ್ಬರ ಒಂದು, ದಪ್ಪ ಮರಳು ಒಂದು, ಜೊತೆಗೆ 200 ಗ್ರಾಂ ಬೇವಿನ ಹಿಂಡಿ. ಹಿಂಡಿ ಬಿಡಬೇಡಿ, ಅಂಜೂರದ ಬೇರಿಗೆ ಗಂಟು ಕಟ್ಟುವ ಜಂತುಹುಳುವಿನ ಕಾಟ ಹೆಚ್ಚು. ಎಲೆ ಮಾತ್ರ ಬರುತ್ತಿದ್ದರೆ ಸಾರಜನಕ ಜಾಸ್ತಿಯಾಗಿದೆ. ಯೂರಿಯಾ, ಹಸಿ ಸಗಣಿ ನಿಲ್ಲಿಸಿ; ಸ್ವಲ್ಪ ಮರದ ಬೂದಿ ಕೊಡಿ.

ಹುಳುವಿನ ವಿಷಯ: ಇದು ಪರಾಗಸ್ಪರ್ಶವಿಲ್ಲದೆ ಕಾಯಿ ಕಟ್ಟುವ ಜಾತಿ, ಅತ್ತಿಯ ಒಳಹೊಕ್ಕು ಪರಾಗಸ್ಪರ್ಶ ಮಾಡುವ ಕಣಜದ ಹುಳು ಇದಕ್ಕೆ ಬೇಕಿಲ್ಲ. ಮಾಗಿದ ಹಣ್ಣು ಗಿಡದಲ್ಲೇ ಉಳಿದರೆ ಇರುವೆ, ಸಣ್ಣ ನೊಣ ಸೇರುತ್ತವೆ, ಅದು ಬೇರೆ ಮಾತು.

ವಿಜಯನಗರದಿಂದ: ನೀರಿನ ಏರುಪೇರೇ ಹಣ್ಣು ಒಡೆಯಲು ಅರ್ಧ ಕಾರಣ. ಮಣ್ಣು ಬಿರಿಯುವಷ್ಟು ಒಣಗಿಸಿ ಆಮೇಲೆ ಬಕೆಟ್ ಸುರಿದರೆ ಕಾಯಿ ಉದುರುತ್ತೆ, ಇಲ್ಲವೇ ಸಿಪ್ಪೆ ಸೀಳುತ್ತೆ. ಬೇಸಿಗೆಯಲ್ಲಿ ದೊಡ್ಡ ಬ್ಯಾಗಿಗೆ ದಿನ ಬಿಟ್ಟು ದಿನ ನಾಲ್ಕೈದು ಲೀಟರ್, ಮೇಲೆ ತೆಂಗಿನ ನಾರು ಅಥವಾ ತರಗೆಲೆ ಹೊದಿಕೆ. ಕಾಯಿ ಉಬ್ಬಿ ಬಣ್ಣ ತಿರುಗಿದ ಮೇಲೆ ಸ್ವಲ್ಪ ಕಡಿಮೆ ಮಾಡಿ.

ಮಳೆಗಾಲದಲ್ಲಿ ಎಲೆಯ ತಳಭಾಗ ತಿರುಗಿಸಿ ನೋಡುತ್ತಿರಿ. ಕಂದು ಪುಡಿ ಇದ್ದರೆ ತುಕ್ಕು ರೋಗ. ಬಿದ್ದ ಎಲೆಗಳನ್ನೆಲ್ಲ ಆರಿಸಿ ಆಚೆ ಹಾಕಿ, ಕಾಯಿ ಇಲ್ಲದ ಸಮಯದಲ್ಲಿ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ, ಎಲೆಯ ಅಡಿ ತೊಯ್ಯುವಂತೆ ಸಿಂಪಡಿಸಿ. ಕಾಂಡದ ತೂತಿನಿಂದ ಮರದ ಹುಡಿ ಉದುರುತ್ತಿದ್ದರೆ ಕಾಂಡಕೊರಕ: ತಂತಿ ತೂರಿಸಿ ಹುಳುವನ್ನು ಸಾಯಿಸಿ, ಮಣ್ಣಿನಿಂದ ಮುಚ್ಚಿ.

ಬಸವನಗುಡಿಯಿಂದ: ಕೊಯ್ಲಿಗೆ ಬಣ್ಣವನ್ನೇ ನಂಬಬೇಡಿ. ನೆಟ್ಟಗೆ ನಿಂತ ಕಾಯಿ ತೊಟ್ಟಿನ ಹತ್ತಿರ ಬಾಗಿ ಜೋತುಬಿದ್ದು, ಒತ್ತಿದರೆ ಮೆತ್ತಗಿದ್ದು, ಸಿಪ್ಪೆಯಲ್ಲಿ ಸಣ್ಣ ಬಿಳಿ ಗೀರು ಕಾಣಬೇಕು. ಕಿತ್ತಾಗ ತೊಟ್ಟಿನಿಂದ ಬಿಳಿ ಸೊನೆ ಸುರಿದರೆ ಇನ್ನೂ ಆಗಿಲ್ಲ. ಇದು ಬಾಳೆಯಲ್ಲ, ಕಿತ್ತು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಮೆತ್ತಗಾದೀತು, ಸಿಹಿಯಾಗದು. ಎರಡು ಮೂರು ದಿನ ಮುಂಚೆಯೇ ಪಿಕಳಾರ, ಕುಟ್ರುಹಕ್ಕಿ, ರಾತ್ರಿ ಬಾವಲಿ ಪತ್ತೆ ಹಚ್ಚುತ್ತವೆ. ಬಣ್ಣ ತಿರುಗಿದ ಕೂಡಲೇ ಹಣ್ಣಿಗೊಂದು ಸಣ್ಣ ಆರ್ಗಂಜಾ (ಗಾಳಿಯಾಡುವ ತೆಳು ಬಟ್ಟೆ) ಚೀಲ ಕಟ್ಟಿ. ಪ್ಲಾಸ್ಟಿಕ್ ಕಟ್ಟಿದರೆ ಒಳಗೆ ಬೆವೆತು ಬೂಷ್ಟು ಹಿಡಿಯುತ್ತೆ.

ಬೆಳಗ್ಗೆ ತೊಟ್ಟಿನ ಸಮೇತ ಕೊಯ್ದು, ತೊಳೆಯದೆ, ಒಂದೇ ಪದರದಲ್ಲಿ ಫ್ರಿಜ್‌ನಲ್ಲಿಡಿ. ಎರಡು ಮೂರು ದಿನದೊಳಗೆ ತಿಂದುಬಿಡಿ. ಸವರುವಾಗ, ಕೊಯ್ಯುವಾಗ ಗ್ಲೌಸ್ ಇರಲಿ: ಸೊನೆ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತೆ, ಕಲೆ ವಾರಗಟ್ಟಲೆ ಹೋಗಲ್ಲ.

ಯಲಹಂಕದಿಂದ ಮತ್ತೆ: ಸವರಿದ ಕಡ್ಡಿ ಎಸೆಯಬೇಡಿ. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ, ಮೂರ್ನಾಲ್ಕು ಗಂಟು ಇದ್ದರೆ ಸೊನೆ ಒಣಗಲು ಒಂದು ದಿನ ಬಿಟ್ಟು, ಎರಡು ಗಂಟು ಮುಚ್ಚುವಂತೆ ತೇವದ ಮರಳಿನಲ್ಲಿ ನೆರಳಲ್ಲಿ ನೆಡಿ. ನಾಲ್ಕರಿಂದ ಆರು ವಾರಕ್ಕೆ ಬೇರು. ಮೊದಲೇ ಎಲೆ ಬಂತೆಂದು ಎಳೆದು ನೋಡಬೇಡಿ, ಎಲೆ ಕಡ್ಡಿಯಲ್ಲಿದ್ದ ಸತ್ವದಿಂದಲೂ ಬರುತ್ತೆ.